ವರ್ಣಶುದ್ಧಿ: ಛಾಯಾಚಿತ್ರ ತಿದ್ದುವ ತೆರೆಯನ್ನು ಹದಗೊಳಿಸುವ ಬಗೆ

‘ವರ್ಣ’ವೆಂಬ ಶಬ್ದಕ್ಕೆ ಅಕ್ಷರವೆಂದೂ ಬಣ್ಣವೆಂದೂ ಎರಡು ಅರ್ಥಗಳುಂಟು. ಅಕ್ಷರದಲ್ಲಿ ತಪ್ಪಾದರೆ ಓದುಗನು ಒಡನೆಯೇ ಬೆರಳಿಟ್ಟು ತೋರಿಸುತ್ತಾನೆ. ಬಣ್ಣದಲ್ಲಿ ತಪ್ಪಾದರೆ ತಪ್ಪು ಮಾಡಿದವನಿಗೇ ಅದರ ಅರಿವಾಗುವುದಿಲ್ಲ. ಅಕ್ಷರಕ್ಕೆ ಕೋಶವುಂಟು, ವ್ಯಾಕರಣವುಂಟು. ಬಣ್ಣದ ವಿಷಯದಲ್ಲಿ ಬಹುಮಂದಿ ನೆಚ್ಚುವುದು ತಮ್ಮ ಕಣ್ಣನ್ನು ಮಾತ್ರ. ಗಣಕಯಂತ್ರದ ತೆರೆಯ ಮುಂದೆ ಕುಳಿತು ಛಾಯಾಚಿತ್ರಗಳನ್ನು ತಿದ್ದುವವರಿಗೆ ಈ ಕಣ್ಣು ಎಷ್ಟರಮಟ್ಟಿಗೆ ನಂಬತಕ್ಕ ಸಾಕ್ಷಿ ಎಂಬುದನ್ನು ವಿಚಾರಿಸುವುದು ಅವಶ್ಯವಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಈ ವೃತ್ತಿಯು ಇಂದು ಮದುವೆಯ ಆಲ್ಬಂಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ; ಊರಿನ ವ್ಯಾಪಾರವೂ ಅದನ್ನು ಅವಲಂಬಿಸಿದೆ.

ಅಥಣಿಯ ಚಪ್ಪಲಿಯನ್ನೇ ತೆಗೆದುಕೊಳ್ಳೋಣ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯನ್ನೊಳಗೊಂಡು ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾದಾ ಸಂಸ್ಥೆಯು ಮಿಲಾನ್ ನಗರದಲ್ಲಿ ಇದನ್ನೇ ಹೋಲುವ ಪಾದರಕ್ಷೆಗಳನ್ನು ಪ್ರದರ್ಶಿಸಿದ ಮೇಲೆ ಈ ಚಪ್ಪಲಿಯ ಹೆಸರು ಜಗತ್ತಿನ ಕಿವಿಗೆ ಬಿದ್ದಿತು. ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಹದಮಾಡಿದ ತೊಗಲಿಗೆ ಜೇನನ್ನು ನೆನಪಿಸುವ ಒಂದು ಬಣ್ಣವುಂಟು. ಅದೇ ಅದರ ಗುರುತು. ದೂರದ ಗಿರಾಕಿಯು ತೊಗಲನ್ನು ಮುಟ್ಟಿ ನೋಡಲಾರ, ಮೂಸಿ ನೋಡಲಾರ. ಅವನಿಗೆ ದೊರೆಯುವುದು ಚಿತ್ರವೊಂದೇ.

ಈಗ ಒಬ್ಬ ಶ್ರದ್ಧಾವಂತ ಛಾಯಾಗ್ರಾಹಕನು ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ತೆರೆಯ ಮೇಲಿನ ಚಿತ್ರದೊಡನೆ ಹೋಲಿಸಿ ತಿದ್ದುತ್ತಿದ್ದಾನೆಂದು ಭಾವಿಸಿರಿ. ಅವನ ತೆರೆಯು ನೀಲಿಯತ್ತ ವಾಲಿದೆ. ಚಿತ್ರವು ತಣ್ಣಗೆ, ಕಳೆಗುಂದಿ ಕಾಣುವುದರಿಂದ ಅವನು ಹಳದಿಯನ್ನೂ ಕೆಂಪನ್ನೂ ಏರಿಸುತ್ತಾನೆ. ಅವನ ತೆರೆಯ ಮೇಲೆ ಎರಡೂ ಸರಿಹೊಂದುತ್ತವೆ. ಕಡತದೊಳಗೆ ಮಾತ್ರ ಚಪ್ಪಲಿಯು ಅರಿಶಿನ ಬಳಿದಂತಾಗಿರುತ್ತದೆ. ಬೆಂಗಳೂರಿನ ಗಿರಾಕಿಯು ಪೆಟ್ಟಿಗೆ ಬಿಚ್ಚಿ, “ಚಿತ್ರದಲ್ಲಿದ್ದುದು ಇದಲ್ಲ” ಎಂದು ಹಿಂದಿರುಗಿಸುತ್ತಾನೆ. ಹೋಗಿಬರುವ ವೆಚ್ಚವು ಹೊಲಿದವನ ತಲೆಯ ಮೇಲೆ ಬೀಳುತ್ತದೆ. ಶ್ರದ್ಧೆ ಹೆಚ್ಚಿದಷ್ಟೂ ತಪ್ಪು ಹೆಚ್ಚುವ ವಿಚಿತ್ರ ಸಂದರ್ಭವಿದು.

ಹಾಗಾದರೆ ಕಣ್ಣು ಇದನ್ನು ಏಕೆ ಗುರುತಿಸದು? ಬಿಳಿಯ ಧೋತರವು ಮಧ್ಯಾಹ್ನದ ಬಿಸಿಲಿನಲ್ಲಿಯೂ ಬಿಳಿ, ರಾತ್ರಿ ಹಳೆಯ ಬಲ್ಬಿನ ಬೆಳಕಿನಲ್ಲಿಯೂ ಬಿಳಿ ಎಂದೇ ನಮಗೆ ತೋರುತ್ತದೆ. ಬೆಳಕಿನ ಬಣ್ಣವನ್ನು ಕಳೆದು ವಸ್ತುವಿನ ಬಣ್ಣವನ್ನು ಉಳಿಸಿಕೊಳ್ಳುವುದು ಕಣ್ಣು-ಮಿದುಳುಗಳ ಸಹಜ ಧರ್ಮ. ಬದುಕಿಗೆ ಇದು ಉಪಕಾರಿ. ಬಣ್ಣ ತಿದ್ದುವ ಕೆಲಸಕ್ಕೆ ಅಪಕಾರಿ. ಅರ್ಧ ತಾಸು ನೀಲಿ ತೆರೆಯ ಮುಂದೆ ಕುಳಿತವನಿಗೆ ಆ ನೀಲಿಯೇ ಬಿಳಿಯಾಗಿಬಿಡುತ್ತದೆ. ಸೀರೆಯಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳು ಆರಿಸಿದ ಸೀರೆಯನ್ನು ಹೊಸ್ತಿಲ ಆಚೆಗೆ ಒಯ್ದು ಹಗಲ ಬೆಳಕಿನಲ್ಲಿ ನೋಡುವುದು ಈ ಮೋಸವನ್ನು ಬಲ್ಲುದರಿಂದಲೇ. ಕೆಂಪು-ಹಸಿರುಗಳನ್ನು ಬೇರ್ಪಡಿಸಲಾರದ ಹುಟ್ಟುದೋಷವು ಗಂಡಸರಲ್ಲಿ ಹೆಚ್ಚು, ಹೆಂಗಸರಲ್ಲಿ ಬಹು ವಿರಳ ಎಂಬುದನ್ನೂ ಇಲ್ಲಿ ನೆನೆಯಬಹುದು.

ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಶಬ್ದದ ಮೂಲದ್ರವ್ಯವನ್ನು ಬಿಳಿ ಎಂದು ಹೇಳಿದ್ದಾನೆ. ಅದರ ತತ್ತ್ವವಿಚಾರ ಬೇರೆ. ತೆರೆಯ ವಿಷಯದಲ್ಲಂತೂ ಎಲ್ಲಕ್ಕೂ ಮೂಲ ಬಿಳಿಯೇ. ಯಾವುದನ್ನು ಬಿಳಿ ಎನ್ನಬೇಕೆಂಬುದು ಮೊದಲು ನಿಶ್ಚಯವಾಗದೆ ಉಳಿದ ಬಣ್ಣಗಳಿಗೆ ನೆಲೆಯಿಲ್ಲ. ತೆರೆಗಳಿಗೆ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಬಿಳಿಯು ಹಗಲ ಬೆಳಕಿಗೆ ಸಮೀಪವಾದ, ಸುಮಾರು 6500 ಕೆಲ್ವಿನ್ ಉಷ್ಣತೆಗೆ ಸಮನಾದ ‘ಡಿ65’. ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು 1996ರಲ್ಲಿ ಮುಂದಿಟ್ಟು, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ‘ಎಸ್‌ಆರ್‌ಜಿಬಿ’ ಪದ್ಧತಿಗೂ ಇದೇ ಬಿಳಿ. ಅಂಗಡಿಯಿಂದ ಬರುವ ಎಷ್ಟೋ ತೆರೆಗಳು ಇದಕ್ಕಿಂತ ನೀಲಿಯಾಗಿರುತ್ತವೆ. ನೀಲಿ ಬಿಳಿಯು ಮೊದಲ ನೋಟಕ್ಕೆ ಹೆಚ್ಚು ಶುಭ್ರವೆಂದು ತೋರುವುದೇ ಮಾರುವವನಿಗೆ ಲಾಭ.

ಬಣ್ಣ ಕೂಡುತ್ತಿಲ್ಲವೆಂದು ದೂರು ಬಂದಾಗ ಮೊದಲು ಪರೀಕ್ಷಿಸಬೇಕಾದುದು ತೆರೆಯನ್ನಲ್ಲ, ಕೋಣೆಯನ್ನು. ಗಿಳಿಹಸಿರು ಅಥವಾ ಗುಲಾಬಿ ಬಣ್ಣ ಬಳಿದ ಗೋಡೆ, ಸಂಜೆಯ ಹೊತ್ತು ಕಿಟಕಿಯಿಂದ ಓರೆಯಾಗಿ ಬೀಳುವ ಬಿಸಿಲು, ತೆರೆಯ ಮೇಲೆಯೇ ಪ್ರತಿಫಲಿಸುವ ದೀಪ, ಇವು ಮೂರೂ ಶತ್ರುಗಳು. ತಿದ್ದುವವನು ತೊಟ್ಟ ಕೆಂಪು ಅಂಗಿಯೂ ತೆರೆಯ ಮೇಲೆ ತನ್ನ ಛಾಯೆಯನ್ನು ಚೆಲ್ಲುತ್ತದೆ. ಗೋಡೆಗೆ ಬೂದುಬಣ್ಣ, ಕಿಟಕಿಗೆ ಪರದೆ, ಬೆನ್ನ ಹಿಂದಲ್ಲದ ಒಂದು ಮಂದವಾದ ಬಿಳಿ ದೀಪ, ಇಷ್ಟಾದರೆ ಸಾಕು.

ಅನಂತರ ತೆರೆ. ಅದು ಕನಿಷ್ಠ ಅರ್ಧ ತಾಸು ಬೆಳಗಿ ಸ್ಥಿರವಾಗಿರಬೇಕು. ವಿದ್ಯುತ್ತು ಹೋಗಿ ಬಂದಾಗಲೂ ಈ ನಿಯಮವನ್ನು ಮರೆಯಬಾರದು. ತೆರೆಗೆ ತನ್ನದೇ ಆದ ಅಲಂಕಾರದ ಗೀಳು ಇರುತ್ತದೆ: ಬಣ್ಣಗಳನ್ನು ಕೆರಳಿಸುವ ‘ವಿವಿಡ್’ ಏರ್ಪಾಡು, ಚಿತ್ರಕ್ಕೆ ತಕ್ಕಂತೆ ಬೆಳಕನ್ನು ಏರಿಳಿಸುವ ಏರ್ಪಾಡು, ವಿದ್ಯುತ್ತನ್ನು ಉಳಿಸುವ ಏರ್ಪಾಡು. ಎಲ್ಲವನ್ನೂ ಆರಿಸಬೇಕು. ಸಂಜೆಯಾಯಿತೆಂದರೆ ತಾನಾಗಿ ತೆರೆಯನ್ನು ಹಳದಿಗೊಳಿಸುವ ‘ನೈಟ್ ಲೈಟ್’ ಎಂಬುದು ಗಣಕದೊಳಗೆ ಅಡಗಿರುತ್ತದೆ. ಹಗಲು ಸರಿಯಿದ್ದು ರಾತ್ರಿ ಕೆಟ್ಟ ಬಣ್ಣಗಳ ರಹಸ್ಯ ಬಹುಮಟ್ಟಿಗೆ ಇದೇ.

ಎಲ್ಲಕ್ಕಿಂತ ಸಾಮಾನ್ಯವಾದ ದೂರು ಬಣ್ಣದ್ದಲ್ಲ, ಕತ್ತಲೆಯದು: “ತೆರೆಯ ಮೇಲೆ ಚೆನ್ನಾಗಿತ್ತು, ಆಲ್ಬಂ ಕಪ್ಪಾಗಿ ಬಂದಿತು.” ಮದುಮಗಳ ಮುಖ ಕಪ್ಪಾದರೆ ಎರಡು ಮನೆತನಗಳಿಗೆ ಉತ್ತರ ಹೇಳಬೇಕಾಗುತ್ತದೆ! ಇಲ್ಲಿ ಮುದ್ರಿಸಿದವನನ್ನು ದೂರುವುದು ರೂಢಿ. ದೋಷವು ಬಹುಶಃ ತೆರೆಯ ಅತಿಯಾದ ಪ್ರಕಾಶದಲ್ಲಿರುತ್ತದೆ. ತೆರೆಯು ತಾನೇ ಬೆಳಗುವ ವಸ್ತು, ಕಾಗದವು ಪರರ ಬೆಳಕಿನಿಂದ ಕಾಣುವ ವಸ್ತು. ಪ್ರಕಾಶವನ್ನು ಪೂರ್ಣ ಏರಿಸಿದ ತೆರೆಯಿಂದ ಚದರ ಮೀಟರಿಗೆ 250 ಕ್ಯಾಂಡೆಲಾಗಳಿಗೂ ಮಿಗಿಲಾದ ಬೆಳಕು ಹೊರಡಬಹುದು. ಮುದ್ರಣಕ್ಕಾಗಿ ತಿದ್ದುವಾಗ 80ರಿಂದ 120 ಸಾಕು. ಅಳೆಯುವ ಸಾಧನವಿಲ್ಲದವರು ಒಂದು ಬಿಳಿಯ ಹಾಳೆಯನ್ನು ಮುದ್ರಿತ ಚಿತ್ರ ನೋಡುವ ದೀಪದ ಕೆಳಗೆ ತೆರೆಯ ಪಕ್ಕದಲ್ಲಿ ಹಿಡಿದು, ತೆರೆಯ ಮೇಲಿನ ಖಾಲಿ ಪುಟವು ಅದಕ್ಕೆ ಸರಿಸಮವಾಗಿ ಕಾಣುವವರೆಗೆ ಪ್ರಕಾಶವನ್ನು ತಗ್ಗಿಸಲಿ. ಮೊದಲ ದಿನ ತೆರೆ ಮಂಕೆನಿಸುತ್ತದೆ. ಕಣ್ಣು ಬೇಗನೆ ಒಗ್ಗಿಕೊಳ್ಳುತ್ತದೆ.

ಕಪ್ಪಿನಿಂದ ಬಿಳಿಯವರೆಗೆ ಬೂದುಬಣ್ಣದ ಮೆಟ್ಟಿಲುಗಳನ್ನು ತೆರೆಯ ಮೇಲೆ ತಂದು ನೋಡಬೇಕು. ಮೇಲಿನ ಮೆಟ್ಟಿಲು ಹಸಿರಾಗಿ, ಕೆಳಗಿನದು ಕೆಂಪಾಗಿ ತೋರಿದರೆ ಗುಂಡಿಗಳನ್ನು ತಿರುಗಿಸಿ ಪ್ರಯೋಜನವಿಲ್ಲ. ಕಲರಿಮೀಟರ್ ಎಂಬ ಮಾಪಕವೇ ಬೇಕು. ಅದನ್ನು ತೆರೆಗೆ ಒತ್ತಿ ಕೂಡಿಸಿದರೆ ಎರಡು ಕೆಲಸಗಳಾಗುತ್ತವೆ. ಒಂದು, ತೆರೆಯನ್ನು ಗೊತ್ತಾದ ಬಿಳಿಗೂ ಪ್ರಕಾಶಕ್ಕೂ ತರುವುದು. ಎರಡು, ಆ ತೆರೆಯ ಲಕ್ಷಣವನ್ನು ‘ಪ್ರೊಫೈಲ್’ ಎಂಬ ಕಡತದಲ್ಲಿ ಬರೆದಿಡುವುದು. ಲಕ್ಷಣಗ್ರಂಥವು ಭಾಷೆಯನ್ನು ಬದಲಿಸದೆ ಅದು ಹೀಗಿದೆಯೆಂದು ಹೇಳುವಂತೆ, ಪ್ರೊಫೈಲು ಈ ತೆರೆಯ ಕೆಂಪು ಇಂತಹದು, ಹಸಿರು ಇಂತಹದು ಎಂದು ತಂತ್ರಾಂಶಕ್ಕೆ ತಿಳಿಸುತ್ತದೆ. ಇದರ ಮಾದರಿಯನ್ನು ರೂಪಿಸಲು 1993ರಲ್ಲಿ ಎಂಟು ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಸ್ಥಾಪಿಸಿದವು. ಒಂದು ತೆರೆಯ ಪ್ರೊಫೈಲನ್ನು ಗೆಳೆಯನಿಂದ ತಂದು ಇನ್ನೊಂದಕ್ಕೆ ಹಚ್ಚುವುದು ಮರಾಠಿಯ ವ್ಯಾಕರಣದಿಂದ ಕನ್ನಡದ ವಾಕ್ಯವನ್ನು ತಿದ್ದಿದಂತೆ.

ಅಳೆದ ಮೇಲೆಯೂ ಬಣ್ಣ ಕೆಟ್ಟರೆ ಎದೆಗುಂದಬೇಕಾಗಿಲ್ಲ. ಬೂದುಬಣ್ಣವೇ ಛಾಯೆಗೊಂಡಿದ್ದರೆ ಮಾಪಕಕ್ಕೆ ತೆರೆಯ ಹಿಂಬೆಳಕಿನ ಜಾತಿಯನ್ನು ತಪ್ಪಾಗಿ ಹೇಳಿರಬಹುದು, ಇಲ್ಲವೆ ಹಳೆಯ ಮಾಪಕದ ಬಣ್ಣದ ಶೋಧಕಗಳೇ ಮಾಸಿರಬಹುದು. ಗಣಕವು ನಿದ್ರೆಯಿಂದ ಎಚ್ಚತ್ತಾಗ ಬಣ್ಣ ಬದಲಾದರೆ ತಿದ್ದುಪಡಿಯು ಕಳಚಿಬಿದ್ದಿದೆ. ಅಥವಾ ಅದನ್ನು ತೊಡಿಸುವ ತಂತ್ರಾಂಶಗಳೆರಡು ಒಂದರ ಮೇಲೊಂದು ಸವಾರಿ ಮಾಡುತ್ತಿವೆ. ಒಂದನ್ನು ತೆಗೆಯಬೇಕು. ಒಂದೇ ಚಿತ್ರವು ಒಂದು ತಂತ್ರಾಂಶದಲ್ಲಿ ಸೌಮ್ಯವಾಗಿಯೂ ಇನ್ನೊಂದರಲ್ಲಿ ಕೆಂಡದಂತೆಯೂ ತೋರಿದರೆ, ತೆರೆಯ ವರ್ಣವ್ಯಾಪ್ತಿಯು ವಿಶಾಲವಾಗಿದೆ, ಎರಡನೆಯ ತಂತ್ರಾಂಶವು ಪ್ರೊಫೈಲನ್ನು ಓದುತ್ತಿಲ್ಲ ಎಂದು ತಿಳಿಯಬೇಕು.

ತನ್ನ ತೆರೆಯಲ್ಲಿ ಮಾತ್ರ ಸರಿಯಾಗಿ ಕಂಡು ಲೋಕದಲ್ಲೆಲ್ಲ ತಪ್ಪಾಗುವ ಚಿತ್ರದ ಕಥೆ ಬೇರೆ. ತಿದ್ದುವ ತಂತ್ರಾಂಶವು ಚಿತ್ರದ ಬಣ್ಣಗಳಿಗೆ ಆಧಾರವಾಗಿ ಹಿಡಿಯುವ ಪದ್ಧತಿಯ ಜಾಗದಲ್ಲಿ ತೆರೆಯ ಪ್ರೊಫೈಲನ್ನೇ ನಮೂದಿಸುವುದರಿಂದ ಹೀಗಾಗುತ್ತದೆ. ತೆರೆಯ ಪ್ರೊಫೈಲಿಗೆ ನಿರ್ವಹಣ ವ್ಯವಸ್ಥೆಯಲ್ಲಿ ಬೇರೆಯೇ ಸ್ಥಾನವುಂಟು. ಚಿತ್ರದ ಆಧಾರವು ಎಸ್‌ಆರ್‌ಜಿಬಿಯಂತಹ ಸರ್ವಸಮ್ಮತ ಪದ್ಧತಿಯಾಗಿರಬೇಕು. ಮುದ್ರಣಕ್ಕೆ ಕೊಲ್ಲಾಪುರ, ಸಾಂಗಲಿ, ಬೆಳಗಾವಿಗಳಿಗೆ ಕಳುಹಿಸುವವರು ಆಯಾ ಮುದ್ರಣಾಲಯದ ಪ್ರೊಫೈಲನ್ನು ಕೇಳಿ ಪಡೆದು, ತೆರೆಯ ಮೇಲೆಯೇ ಮುದ್ರಣದ ಪೂರ್ವರೂಪವನ್ನು ನೋಡಿಕೊಳ್ಳುವುದು ಲೇಸು.

ಇಷ್ಟೆಲ್ಲ ಮಾಡಿದರೂ ಗಿರಾಕಿಯ ಮೊಬೈಲು ನಮ್ಮ ಅಧೀನದಲ್ಲಿಲ್ಲವಲ್ಲ ಎಂಬ ಆಕ್ಷೇಪವು ಸಹಜವೇ. ಕಡತ ಸರಿಯಿದ್ದರೆ ಮೊಬೈಲುಗಳ ತಪ್ಪು ಒಂದರಲ್ಲಿ ಕೆಂಪಿನತ್ತ, ಒಂದರಲ್ಲಿ ನೀಲಿಯತ್ತ ಚೆದರುತ್ತದೆ. ನಿಜಬಣ್ಣವು ನಡುವೆ ಉಳಿಯುತ್ತದೆ. ಕಡತವೇ ತಪ್ಪಿದ್ದರೆ ಆ ತಪ್ಪು ಪ್ರತಿಯೊಂದು ಮೊಬೈಲಿನ ತಪ್ಪಿಗೂ ಒಂದೇ ದಿಕ್ಕಿನಲ್ಲಿ ಕೂಡಿಕೊಳ್ಳುತ್ತದೆ. ಚಪ್ಪಲಿಯ ಚಿತ್ರ ತೆಗೆಯುವಾಗ ಮೊದಲ ಚಿತ್ರದಲ್ಲಿ ಒಂದು ಬೂದು ಪಟ್ಟಿಯನ್ನು ಪಕ್ಕದಲ್ಲಿಟ್ಟಿದ್ದರೆ ಬಿಳಿಯ ನಿರ್ಣಯವೂ ಅಲ್ಲಿಯೇ ಆಗುತ್ತದೆ. ಎಣ್ಣೆ ಹಚ್ಚಿದಂತೆ, ಬಿಸಿಲು ಕಂಡಂತೆ ತೊಗಲು ಕಪ್ಪೇರುವುದರಿಂದ, ಹೊಲಿದ ಹೊಸತರಲ್ಲಿ ತೆಗೆದ ಚಿತ್ರವೆಂಬ ಒಂದು ಸಾಲನ್ನು ಅದರ ಕೆಳಗೆ ಬರೆಯಬೇಕು. ಆ ಜೋಡಿನಲ್ಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ ಕತ್ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ತಿಂಗಳು ತೆರೆಯನ್ನು ಮತ್ತೆ ಅಳೆದ ದಿನ ಹೋಲಿಸಿ ನೋಡಲು ಬರುತ್ತದೆ.