ಹಳೆಯ ಯೆಜ್ಡಿಗೆ ಡಿಸ್ಕ್ ಬ್ರೇಕ್ ಬೇಕೇ?

ಶಿವಮೊಗ್ಗ, ಭದ್ರಾವತಿ ಕಡೆ ಹಳೆಯ ಬೈಕುಗಳನ್ನು ಜೋಪಾನ ಮಾಡಿಕೊಂಡು ಬಂದವರಿಗೆ ಬ್ರೇಕ್ ಬಗ್ಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಡ್ರಮ್ ತೆಗೆಸಿ, ಡಿಸ್ಕ್ ಹಾಕಿಸಿಬಿಡಿ’. ವೇಗದ ಆಸೆಯಿದ್ದ ಒಂದು ತಲೆಮಾರಿಗೆ ಕೈಗೆಟುಕಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ ಮತ್ತು ಯೆಜ್ಡಿ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100, ಅಪರೂಪಕ್ಕೆ ಒಂದು ರಾಜದೂತ್ 350. ಮೈಸೂರಿನ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಅಂದರೆ ಈ ಗಾಡಿಗಳಲ್ಲಿ ತೀರಾ ಎಳೆಯದಕ್ಕೂ ಕಾಲು ಶತಮಾನ ದಾಟಿದೆ, ಎಲ್ಲದರ ಮುಂದಿನ ಚಕ್ರದಲ್ಲೂ ಡ್ರಮ್ ಬ್ರೇಕೇ ಇದೆ. ಡಿಸ್ಕ್ ಹಾಕಿಸುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಅದು ಅಗತ್ಯವೇ ಹೌದು. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಇರುವ ಬ್ರೇಕನ್ನು ಕಂಪನಿಯಿಂದ ಬಂದಾಗಿನ ಸ್ಥಿತಿಗೆ ತಂದು, ಅಳತೆ ಮಾಡಿ ನೋಡಬೇಕು. ಹಾಗೆ ಮಾಡಿದ ಮೇಲೆ ಹೆಚ್ಚಿನವರಿಗೆ ಡಿಸ್ಕ್ ಬೇಕೆನಿಸುವುದಿಲ್ಲ ಎಂಬುದು ನನ್ನ ವಾದ.

ಕಾರಣ ಸರಳ. ಚಕ್ರವನ್ನು ನಿಲ್ಲಿಸುವುದು ಬ್ರೇಕ್. ಗಾಡಿಯನ್ನು ನಿಲ್ಲಿಸುವುದು ಟೈರಿಗೂ ರಸ್ತೆಗೂ ನಡುವಿನ ಹಿಡಿತ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಕಂಡು ಕೈ ಲಿವರ್ ಹಿಡಿಯುವಷ್ಟರಲ್ಲೇ ಆ ಒಂದು ಸೆಕೆಂಡು ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ ಪ್ರತಿ ಸೆಕೆಂಡಿಗೆ ವೇಗ ಆರು ಮೀಟರಿನಷ್ಟು ಇಳಿದರೆ ಇನ್ನೂ 23 ಮೀಟರ್ ಬೇಕು. ನಾಲ್ಕು ಮೀಟರಿನಷ್ಟು ಮಾತ್ರ ಇಳಿದರೆ 35 ಮೀಟರ್ ಬೇಕು. ಒಣ ಡಾಂಬರಿನಲ್ಲಿ ಒಳ್ಳೆಯ ಟೈರ್ ಮೊದಲನೆಯ ಲೆಕ್ಕಕ್ಕೆ ಒದಗುತ್ತದೆ, ಗಟ್ಟಿಯಾಗಿ ಬಿರುಕುಬಿಟ್ಟ ಹಳೆಯ ಟೈರ್ ಒದಗುವುದಿಲ್ಲ. ನಿಮ್ಮ ಡ್ರಮ್ ಬ್ರೇಕಿಗೆ ಮುಂದಿನ ಚಕ್ರವನ್ನು ಜಾರುವ ಅಂಚಿನವರೆಗೆ ತರುವ ಶಕ್ತಿ ಇದೆ ಎಂದಾದರೆ, ಅದರ ಜಾಗಕ್ಕೆ ಎಷ್ಟು ದೊಡ್ಡ ಡಿಸ್ಕ್ ಹಾಕಿಸಿದರೂ ಆ ಒಂದು ಸಲದ ನಿಲುಗಡೆ ಒಂದು ಗೇಣೂ ಕಡಿಮೆಯಾಗುವುದಿಲ್ಲ. ಹೀಗಾಗಿ ಬ್ರೇಕಿಗೆ ಹಣ ಹಾಕುವ ಮುನ್ನ ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿಕೊಳ್ಳಿ. ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ. ಟೈರಿನ ವಯಸ್ಸು ಹತ್ತು ವರ್ಷ ದಾಟಿದ್ದರೆ ಮೊದಲ ಖರ್ಚು ಅಲ್ಲೇ ಆಗಬೇಕು, ಹಲ್ಲು ಎಷ್ಟೇ ಉಳಿದಿರಲಿ.

ಹಾಗಾದರೆ ಡಿಸ್ಕ್ ಗೆಲ್ಲುವುದು ಎಲ್ಲಿ? ಬಿಸಿಯ ವಿಷಯದಲ್ಲಿ. ಬ್ರೇಕ್ ಮಾಡುವ ಕೆಲಸವೆಂದರೆ ಗಾಡಿಯ ಓಟವನ್ನು ಶಾಖವಾಗಿ ಬದಲಿಸುವುದು. ಡ್ರಮ್ಮಿನಲ್ಲಿ ಆ ಶಾಖ ಒಳಗೇ ಕೂಡಿಕೊಳ್ಳುತ್ತದೆ, ಡಿಸ್ಕಿನಲ್ಲಿ ಗಾಳಿಗೆ ಹೋಗುತ್ತದೆ. ಡ್ರಮ್ ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಇಳಿಯುತ್ತದೆ, ಲಿವರ್ ಹಿಡಿಕೆಯವರೆಗೆ ಬಂದರೂ ಗಾಡಿ ನಿಲ್ಲದೆ ಹೋಗುತ್ತದೆ. ಇದನ್ನು ನಮ್ಮ ಜಿಲ್ಲೆಯ ರಸ್ತೆಗೇ ಹೊಂದಿಸಿ ನೋಡೋಣ. ಗಾಡಿ ಮತ್ತು ಇಬ್ಬರು ಸವಾರರು ಸೇರಿ 290 ಕೆ.ಜಿ. ಎಂದುಕೊಳ್ಳಿ. 60ರ ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖ ಸುಮಾರು 40 ಕಿಲೋಜೂಲ್. ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಸುಮಾರು 500 ಮೀಟರ್ ಕೆಳಗಿಳಿದರೆ ಕಳೆದುಕೊಳ್ಳಬೇಕಾದ ಶಕ್ತಿ 1,400 ಕಿಲೋಜೂಲಿಗೂ ಹೆಚ್ಚು. ಅದು 60ರ ವೇಗದಿಂದ 35 ಸಲ ನಿಂತದ್ದಕ್ಕೆ ಸಮ, ಅದೂ ಕೆಲವೇ ಕಿಲೋಮೀಟರಿನಲ್ಲಿ, ಹೇರ್‌ಪಿನ್ ತಿರುವಿನ ಮೇಲೆ ತಿರುವು. ನಾಲ್ಕು ಸ್ಟ್ರೋಕಿನ ಎಂಜಿನ್ ಆಗಿದ್ದರೆ ಕಡಿಮೆ ಗೇರಿನಲ್ಲಿ ಅದೇ ಅರ್ಧ ಭಾರ ಹೊರುತ್ತಿತ್ತು. ಎರಡು ಸ್ಟ್ರೋಕಿನ ಎಂಜಿನ್ ಹಾಗೆ ಹಿಡಿದುಕೊಳ್ಳುವುದು ತೀರಾ ಕಡಿಮೆ. ಯೆಜ್ಡಿಯಲ್ಲಂತೂ ಆಯಿಲ್ ಪೆಟ್ರೋಲಿನ ಜೊತೆಗೇ ಹೋಗುವುದರಿಂದ, ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಎಂಜಿನ್ ಮೇಲೇ ಇಳಿಸಿದರೆ ಪಿಸ್ಟನ್ನಿಗೆ ಆಯಿಲ್ಲೂ ಸಾಲುವುದಿಲ್ಲ. ಅನುಭವಿ ಸವಾರರು ನಡುನಡುವೆ ಆಕ್ಸಿಲರೇಟರ್ ಚೂರು ತಿರುಗಿಸುವುದು ಇದಕ್ಕೇ. ಕೊನೆಗೆ ಭಾರವೆಲ್ಲ ಬೀಳುವುದು ಎರಡು ಡ್ರಮ್ಮುಗಳ ಮೇಲೆ.

ಈ ಎರಡು ಲೆಕ್ಕ ತಲೆಯಲ್ಲಿಟ್ಟುಕೊಂಡು ಕೆಲಸಕ್ಕೆ ಇಳಿಯಿರಿ. ಮೊದಲ ಹೆಜ್ಜೆ, ಮುಂದಿನ ಚಕ್ರ ಬಿಚ್ಚಿಸುವುದು. ಬ್ರೇಕ್ ಪ್ಲೇಟ್ ಹೊರಬಂದ ಕೂಡಲೇ ಒಳಗಿನ ಪುಡಿಯನ್ನು ಗಾಳಿ ಹೊಡೆದು ಊದಿಸಬೇಡಿ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಮಾಸ್ಕ್ ಇರಲಿ. ಮೆಕ್ಯಾನಿಕ್‌ಗೂ ಇದನ್ನು ಒತ್ತಾಯವಾಗಿ ಹೇಳಿ. ಆಮೇಲೆ ಶೂಗಳನ್ನು ಬೆಳಕಿಗೆ ಹಿಡಿದು ನೋಡಿ. ಲೈನಿಂಗ್ ಮೇಲೆ ಕನ್ನಡಿಯಂಥ ಕಪ್ಪು ಹೊಳಪು ಬಂದಿದ್ದರೆ ಅದು ಕಾದು ಸತ್ತಿದೆ. ಒಂದು ತುದಿಯಲ್ಲಿ ಮಾತ್ರ ಸವೆದಿದ್ದರೆ ಶೂ ಡ್ರಮ್ಮಿಗೆ ಪೂರ್ತಿ ಕೂರುತ್ತಿಲ್ಲ. ಗ್ರೀಸಿನ ಕಲೆಯಿದ್ದರೆ ಬೇರಿಂಗಿನ ಸೀಲ್ ಹೋಗಿದೆ. ಲೈನಿಂಗ್ ದಪ್ಪ 2 ಮಿ.ಮೀ.ಗೆ ಇಳಿದಿದ್ದರೆ ಬದಲಿಸಬೇಕು. ಡ್ರಮ್ಮಿನ ಒಳ ಅಂಚಿಗೆ ಉಗುರು ತಾಗಿಸಿ ಎಳೆಯಿರಿ, ಉಗುರು ಮೆಟ್ಟಿಲಿಗೆ ಸಿಕ್ಕಿಕೊಂಡ ಹಾಗೆ ನಿಂತರೆ ಡ್ರಮ್ ಅಷ್ಟು ಸವೆದಿದೆ. ಕೊನೆಗೆ ಕೇಬಲ್. ಅದರ ಎಳೆಗಳು ಒಂದೆರಡು ತುಂಡಾಗಿದ್ದರೆ ಅಥವಾ ಹೊರಕವಚ ಒತ್ತಿದಾಗ ಕುಗ್ಗುತ್ತಿದ್ದರೆ, ಕೈ ಹಾಕಿದ ಬಲ ದಾರಿಯಲ್ಲೇ ಸೋರಿಹೋಗುತ್ತದೆ. ‘ಡ್ರಮ್ ಬ್ರೇಕ್ ಹಿಡಿಯೋದೇ ಇಲ್ಲ’ ಎಂಬ ದೂರಿನ ಹಿಂದೆ ಇರುವುದು ಬಹುಪಾಲು ಇವೇ.

ಎರಡನೆಯ ಹೆಜ್ಜೆ ಲೇಥಿನಲ್ಲಿ. ಶಿವಮೊಗ್ಗ ಎರಕದ ಉದ್ಯಮಕ್ಕೆ ಹೆಸರಾದ ಊರು, ಭದ್ರಾವತಿ ಉಕ್ಕಿನ ಊರು. ಲೋಹ ಬಲ್ಲ ಕೈಗಳಿಗೆ ಇಲ್ಲಿ ಬರ ಇಲ್ಲ. ಈ ಅನುಕೂಲವನ್ನು ಬಳಸಿಕೊಳ್ಳಬೇಕು. ಅಲ್ಯೂಮಿನಿಯಂ ಹಬ್ಬಿನೊಳಗೆ ಕೂರಿಸಿದ ಎರಕದ ಕಬ್ಬಿಣದ ಬಳೆಯೇ ಬ್ರೇಕಿನ ಮೈ. ಅದು ಕಾಲಾಂತರದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಲಿವರ್ ಹಿಡಿದಾಗ ಕೈಗೆ ಬಡಿತ ಸಿಗುವುದು ಅದರಿಂದ. ಬಳೆಯನ್ನು ತೆಳ್ಳಗೆ ಕೆತ್ತಿಸಿ ಮತ್ತೆ ದುಂಡಗೆ ಮಾಡಿಸಬಹುದು. ಆದರೆ ಸ್ಪೋಕ್ ಬಿಗಿದ ಚಕ್ರವನ್ನು ಇಡಿಯಾಗಿಯೇ ಲೇಥಿಗೆ ಏರಿಸಬೇಕು. ಹಬ್ಬನ್ನು ಮಾತ್ರ ಕೆತ್ತಿ ಆಮೇಲೆ ಸ್ಪೋಕ್ ಬಿಗಿದರೆ ಆ ಎಳೆತಕ್ಕೆ ಬಳೆ ಮತ್ತೆ ಸೊಟ್ಟಗಾಗುತ್ತದೆ. ಕೆತ್ತಿದ ಮೇಲೆ ಡ್ರಮ್ಮಿನ ವ್ಯಾಸ ಹೆಚ್ಚಾಗಿರುವುದರಿಂದ ಅಂಗಡಿಯ ಸಿದ್ಧ ಶೂ ಹೊಂದುವುದಿಲ್ಲ. ಹಳೆಯ ಶೂಗಳಿಗೆ ತುಸು ದಪ್ಪನೆಯ ಲೈನಿಂಗ್ ಅಂಟಿಸಿ, ಅದನ್ನೂ ಡ್ರಮ್ಮಿನ ಅಳತೆಗೆ ಕೆತ್ತಿಸಬೇಕು. ಗರಿಷ್ಠ ವ್ಯಾಸವನ್ನು ಡ್ರಮ್ಮಿನ ಮೇಲೆ ಬರೆದಿದ್ದರೆ ಅದನ್ನು ಮೀರುವಂತಿಲ್ಲ. ಮೀರಿದ ಹಬ್ ಬದಲಿಸಲೇಬೇಕು. ಜೋಡಿಸುವಾಗ ಬ್ರೇಕ್ ಪೂರ್ತಿ ಹಿಡಿದ ಸ್ಥಿತಿಯಲ್ಲಿ ಕೇಬಲ್ಲಿಗೂ ಕ್ಯಾಮ್ ಲಿವರಿಗೂ ನಡುವೆ ಹೆಚ್ಚುಕಡಿಮೆ ಲಂಬಕೋನ ಇರಲಿ. ಅದು ತಪ್ಪಿದರೆ ಮೇಲಿನ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಮೂರನೆಯ ಹೆಜ್ಜೆ ಅಳತೆ. ಹೊಸ ಲೈನಿಂಗ್ ಹದವಾಗಲು ಒಂದಷ್ಟು ದಿನ ನಿಧಾನವಾಗಿ ಓಡಿಸಿ, ಆಮೇಲೆ ಜನವಸತಿ ಇಲ್ಲದ, ಒಣಗಿದ, ಸಮತಟ್ಟು ರಸ್ತೆ ಹುಡುಕಿ. ಹೆಲ್ಮೆಟ್ ಹಾಕಿ, ಹಿಂದೆಮುಂದೆ ವಾಹನ ಇಲ್ಲದ್ದನ್ನು ನೋಡಿಕೊಳ್ಳಲು ಒಬ್ಬರನ್ನು ನಿಲ್ಲಿಸಿ. ಹಳೆಯ ಸ್ಪೀಡೋಮೀಟರ್ ನಂಬಬೇಡಿ, ಮೊಬೈಲಿನ ಜಿಪಿಎಸ್ ವೇಗ ನೋಡಿ. 40 ಕಿ.ಮೀ. ವೇಗದಲ್ಲಿ ರಸ್ತೆಯ ಮೇಲೆ ಹಾಕಿಕೊಂಡ ಗುರುತು ದಾಟುತ್ತಲೇ ಎರಡೂ ಬ್ರೇಕ್ ಹದವಾಗಿ ಒತ್ತಿ ನಿಲ್ಲಿಸಿ, ಟೇಪಿನಲ್ಲಿ ಅಳೆಯಿರಿ. ಹನ್ನೊಂದು ಮೀಟರಿನ ಆಸುಪಾಸಿನಲ್ಲಿ ನಿಂತರೆ ನಿಮ್ಮ ಡ್ರಮ್ ಟೈರಿನ ಶಕ್ತಿಯನ್ನು ಚೆನ್ನಾಗಿಯೇ ಬಳಸುತ್ತಿದೆ. ಹದಿನೈದು ದಾಟಿದರೆ ಇನ್ನೂ ಎಲ್ಲೋ ದೋಷವಿದೆ. ಆಮೇಲೆ ಬಿಡುವಿಲ್ಲದೆ ಹತ್ತು ಸಲ ಇದನ್ನೇ ಮಾಡಿ. ಮೊದಲ ಸಲಕ್ಕೂ ಹತ್ತನೆಯ ಸಲಕ್ಕೂ ದೂರದಲ್ಲಿ, ಲಿವರಿನ ಎಳೆತದಲ್ಲಿ ಎಷ್ಟು ವ್ಯತ್ಯಾಸ ಬಂತೋ ಅದೇ ನಿಮ್ಮ ತೀರ್ಮಾನದ ಆಧಾರ.

ಶಿವಮೊಗ್ಗದ ಪೇಟೆ ಸುತ್ತಿ, ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಗೆ ಹೋಗಿಬರುವ, ಭಾನುವಾರಕ್ಕೊಮ್ಮೆ ತೀರ್ಥಹಳ್ಳಿ ಕಡೆ ಹೊರಡುವ ಗಾಡಿಗೆ ಈ ಪರೀಕ್ಷೆಯಲ್ಲಿ ಪಾಸಾದ ಡ್ರಮ್ ಸಾಕು. ಯೆಜ್ಡಿಯ ರೋಡ್‌ಕಿಂಗ್ ಮಾದರಿಯ ಎಂಜಿನ್ ಕೊಡುವುದು ಸುಮಾರು 16 ಅಶ್ವಶಕ್ತಿ, ಆರ್‌ಎಕ್ಸ್ 100 ಕೊಡುವುದು 11. ಅವುಗಳ ವೇಗಕ್ಕೆ ಸರಿಯಾದ ಡ್ರಮ್ ಸಾಲದು ಎನ್ನುವಂತಿಲ್ಲ. ಜೋಡಿಯಾಗಿ, ಸಾಮಾನು ಹೇರಿಕೊಂಡು ಪದೇ ಪದೇ ಘಾಟಿ ಇಳಿಯುವವರ ಮಾತು ಬೇರೆ. ವರ್ಷಕ್ಕೆ ಏಳು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ ಡ್ರಮ್ಮಿಗೆ ನೀರು ಹೊಕ್ಕರೆ ಅದು ಒಣಗುವವರೆಗೆ ಹಿಡಿತ ಸಿಗುವುದಿಲ್ಲ. ಡಿಸ್ಕ್ ಮೇಲಿನ ನೀರು ಒಂದೆರಡು ಸುತ್ತಿಗೆ ಹೋಗುತ್ತದೆ. ಅಂಥವರು ಡಿಸ್ಕ್ ಹಾಕಿಸಲಿ. ರಾಜದೂತ್ 350 ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಎರಡು ಸಿಲಿಂಡರಿನ ಆ ಗಾಡಿಯ ಮೊದಲ ಆವೃತ್ತಿಗೆ 30.5 ಅಶ್ವಶಕ್ತಿ ಇತ್ತು. ಜಪಾನಿನಲ್ಲಿ ಅದರ ಮೂಲ ಮಾದರಿಗೆ ಮುಂದೆ ಡಿಸ್ಕ್ ಇತ್ತು. ನಮ್ಮಲ್ಲಿ ತಯಾರಾದಾಗ ಡ್ರಮ್ ಬಂತು. 60ರ ವೇಗಕ್ಕೆ ಹೋಲಿಸಿದರೆ 120ರಲ್ಲಿ ಬ್ರೇಕ್ ಹೊರಬೇಕಾದ ಶಾಖ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದಕ್ಕೆ ಡಿಸ್ಕ್ ಹಾಕಿಸಿದರೆ ಗಾಡಿ ಕೆಡಿಸಿದಂತಾಗುವುದಿಲ್ಲ, ಮೊದಲಿನ ವಿನ್ಯಾಸಕ್ಕೇ ಮರಳಿಸಿದಂತಾಗುತ್ತದೆ.

ಹಾಕಿಸುವುದೇ ಆದರೆ ಹೇಗೆ ಎಂಬುದು ಹಾಕಿಸಬೇಕೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಹಳೆಯ ಫೋರ್ಕಿನ ಕಾಲಿಗೆ ಒಂದು ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿ ಕ್ಯಾಲಿಪರ್ ಕೂರಿಸುವುದು ಅಗ್ಗ, ಬೇಗ ಆಗುತ್ತದೆ, ಪ್ರಾಣಾಂತಿಕ. ಗಾಡಿ ಮತ್ತು ಸವಾರ ಸೇರಿ 200 ಕೆ.ಜಿ. ಇದ್ದರೆ, ಜೋರಾಗಿ ಬ್ರೇಕ್ ಹಿಡಿದಾಗ ಕ್ಯಾಲಿಪರನ್ನು ಕಿತ್ತೆಸೆಯಲು ನೋಡುವ ಬಲ 300 ಕೆ.ಜಿ. ಭಾರವನ್ನೂ ಮೀರುತ್ತದೆ. ಆ ವೆಲ್ಡಿಂಗ್ ಬಿರುಕುಬಿಟ್ಟರೆ ಕ್ಯಾಲಿಪರ್ ಸ್ಪೋಕಿಗೆ ಸಿಕ್ಕಿಕೊಂಡು ಚಕ್ರ ನಿಂತೇ ಹೋಗುತ್ತದೆ. ಹಾಗಾಗಿ ಫೋರ್ಕ್, ಹಬ್, ಡಿಸ್ಕ್, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಕಂಪನಿಯಲ್ಲೇ ಒಟ್ಟಿಗೆ ತಯಾರಾದ, ತೂಕದಲ್ಲಿ ಹತ್ತಿರವಿರುವ ಒಂದೇ ಗಾಡಿಯಿಂದ ತರಬೇಕು. ಮಾಸ್ಟರ್ ಸಿಲಿಂಡರ್ ಒಂದರದ್ದು, ಕ್ಯಾಲಿಪರ್ ಇನ್ನೊಂದರದ್ದು ಮಾಡಿದರೆ ಲಿವರ್ ಕಲ್ಲಾಗುತ್ತದೆ ಇಲ್ಲವೇ ಹತ್ತಿಯಾಗುತ್ತದೆ. ಫೋರ್ಕಿನ ಉದ್ದ ಬದಲಾದರೆ ಗಾಡಿ ತಿರುಗುವ ರೀತಿಯೇ ಬದಲಾಗುತ್ತದೆ, ಅದನ್ನೂ ಮೊದಲೇ ಅಳೆದು ನೋಡಿ. ಹಳೆಯ ಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಕಟ್ಟಿಡಿ.

ಮೈಸೂರಿನ ಹೆಸರುಗಳು ಮರಳಿ ಬಂದಾಗ, 2018ರ ಜಾವಾಕ್ಕೂ 2022ರ ಯೆಜ್ಡಿಗೂ ಕಂಪನಿಯೇ ಡಿಸ್ಕ್ ಹಾಕಿತಲ್ಲ ಎಂದು ಕೇಳುವವರಿದ್ದಾರೆ. ಹೌದು, ಆದರೆ ಅವುಗಳ ಎಂಜಿನ್ ಶಕ್ತಿ ಹಳೆಯದರ ಎರಡು ಪಟ್ಟಿನ ಹತ್ತಿರ, ಜೊತೆಗೆ ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಇದೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯ. ನಿಮ್ಮ ಗಾಡಿಗೆ ಡಿಸ್ಕ್ ಬರುತ್ತದೆಯೇ ಹೊರತು ಎಬಿಎಸ್ ಬರುವುದಿಲ್ಲ. ಕಿರಿದಾದ ಹಳೆಯ ಟೈರ್ ಮೇಲೆ, ಒದ್ದೆ ರಸ್ತೆಯಲ್ಲಿ, ಹರಿತವಾದ ಡಿಸ್ಕ್ ಚಕ್ರವನ್ನು ಡ್ರಮ್ಮಿಗಿಂತ ಸುಲಭವಾಗಿ ಜಾರಿಸುತ್ತದೆ. ಮುಂದಿನ ಕಾರು ಗಕ್ಕನೆ ನಿಂತರೆ ಏನು ಗತಿ ಎಂಬ ಆತಂಕ ನ್ಯಾಯವಾದದ್ದೇ. ಅದಕ್ಕೆ ಉತ್ತರ ಒಳ್ಳೆಯ ಟೈರ್ ಮತ್ತು ಅಂತರ. ಇನ್ನೊಂದು ಕಡೆ, ಮೂಲ ರೂಪ ಕೆಡಬಾರದು ಎಂದು ಹಿಡಿಯದ ಬ್ರೇಕನ್ನೇ ಇಟ್ಟುಕೊಳ್ಳುವವರಿದ್ದಾರೆ. ರಸ್ತೆಗೆ ಇಳಿಯುವ ಗಾಡಿಗೆ ಆ ವಾದ ಒಪ್ಪಲಾಗದು, ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ.

ಕಾನೂನಿನ ಕಡೆಯೂ ನೋಡಿಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಮೂದಿಸಿದ್ದಕ್ಕೆ ವಿರುದ್ಧವಾದ ಮಾರ್ಪಾಡನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಬಿಗಿಯಾಗಿ ಓದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಸಾಧ್ಯ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕಾದ್ದರಿಂದ ಗಾಡಿ ಅಧಿಕಾರಿಯ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಳೆಯದನ್ನು ದುರಸ್ತಿ ಮಾಡಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಬದಲಿಸುವುದಿದ್ದರೆ ಕೆಲಸಕ್ಕೆ ಮುಂಚೆ ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಲಿಖಿತವಾಗಿ ಕೇಳಿ. ಹಳೆಯ ಪದ್ಮಿನಿ, ಕಾಂಟೆಸ್ಸಾ ಕಾರು ಇಟ್ಟುಕೊಂಡವರಿಗೂ ಕ್ರಮ ಇದೇ. ಅಲ್ಲಿ ಹೆಚ್ಚುವರಿಯಾಗಿ ನೋಡಬೇಕಾದ್ದು ಬ್ರೇಕ್ ಫ್ಲೂಯಿಡ್. ಡಾಟ್ 3 ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯದೆ ತಾಳಬೇಕು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಿದರೆ ಘಾಟಿಯಲ್ಲಿ ಪೆಡಲ್ ಕೈಕೊಡುವ ಅಪಾಯ ಬಹಳ ಕಡಿಮೆಯಾಗುತ್ತದೆ.

ಮುಂಗಾರು ಶುರುವಾಗುವ ಮುನ್ನ, ಡಿಸ್ಕ್ ಕಿಟ್ಟಿಗೆ ಮುಂಗಡ ಕೊಡುವ ಮುನ್ನ, ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಮುಂದಿನ ಚಕ್ರ ಬಿಚ್ಚಿಸಿ, ಎದುರಿಗೇ ನಿಂತು ನೋಡಿ.