ಫಾರ್ಮ್ಯಾಟ್ ಹೊಡೆಯುವ ಮುನ್ನ: ಹತ್ತು ಪಾಠಗಳು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಸುತ್ತಮುತ್ತ ಮನೆ, ಅಂಗಡಿಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು ಹದಿನೆಂಟು ವರ್ಷದಿಂದ ನನ್ನ ಕಸುಬು. ತಿಂಗಳಲ್ಲಿ ಒಂದು ವಾರ ನನ್ನ ಫೋನಿಗೆ ಬಿಡುವೇ ಇರುವುದಿಲ್ಲ. ವಿಂಡೋಸ್‌ನ ಮಾಸಿಕ ಅಪ್‌ಡೇಟ್ ಹೊರಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ನಮ್ಮ ಗಡಿಯಾರದಲ್ಲಿ ಆಗ ರಾತ್ರಿ ಹತ್ತೂವರೆ ದಾಟಿರುತ್ತದೆ. ಬುಧವಾರ, ಗುರುವಾರ ಬೆಳಿಗ್ಗೆ ಕರೆಗಳು ಶುರುವಾಗುತ್ತವೆ: 'ಅಣ್ಣಾ, ನಿನ್ನೆ ಚೆನ್ನಾಗೇ ಇತ್ತು, ಇವತ್ತು ಓಪನ್ನೇ ಆಗ್ತಿಲ್ಲ.' ಆ ಮಂಗಳವಾರ 8ರಿಂದ 14ನೇ ತಾರೀಕಿನೊಳಗೆ ಬೀಳುತ್ತದೆ. ಪ್ರತಿ ತಿಂಗಳು ಜಿಎಸ್‌ಟಿಆರ್-1 ಸಲ್ಲಿಸುವವರಿಗೆ ಕೊನೆಯ ದಿನ 11. ಲೆಕ್ಕ ಬರೆಯುವವರಿಗೆ ಎರಡೂ ಒಟ್ಟಿಗೇ ಬಂದು ಕೂರುತ್ತವೆ.

ಇಷ್ಟು ವರ್ಷಗಳಲ್ಲಿ ನಾನು ಕಂಡ ದೊಡ್ಡ ನಷ್ಟಗಳು ಅಪ್‌ಡೇಟಿಗಿಂತ ಹೆಚ್ಚಾಗಿ ಗಾಬರಿಯಲ್ಲಿ ಮಾಡಿದ ರಿಪೇರಿಯಿಂದ ಆದವು. ಅದಕ್ಕಾಗಿಯೇ ಈ ಪಾಠಗಳನ್ನು ಬರೆದಿಡುತ್ತಿದ್ದೇನೆ.

1. ಫಾರ್ಮ್ಯಾಟ್ ಕೊನೆಯ ಮದ್ದು

ಜೆ.ಪಿ. ನಗರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮೂರ ಕಡೆಯ ಗಾದೆಗಳನ್ನು ಹಳೆಯ ಕನ್ನಡ ತಂತ್ರಾಂಶವೊಂದರಲ್ಲಿ ವರ್ಷಗಟ್ಟಲೆ ಟೈಪ್ ಮಾಡಿಟ್ಟಿದ್ದರು. ಒಂದು ಬೆಳಿಗ್ಗೆ ಅದು ತೆರೆಯಲಿಲ್ಲ. ರಿಪೇರಿಗೆ ಬಂದ ಹುಡುಗ, 'ಫಾರ್ಮ್ಯಾಟ್ ಹೊಡೆದುಬಿಡೋಣ ಸರ್, ಡಿ ಡ್ರೈವಲ್ಲಿರೋದು ಏನೂ ಹೋಗಲ್ಲ' ಎಂದ. ಡಿ ಡ್ರೈವಿನಲ್ಲಿ ಮೊಮ್ಮಕ್ಕಳ ಫೋಟೋಗಳಿದ್ದವು. ಗಾದೆಗಳು ಸಿ ಡ್ರೈವಿನಲ್ಲಿದ್ದವು. ಮರುದಿನ ನಾನು ಹೋದಾಗ ಹುಡುಕಿ ತೆಗೆಯಲು ಸಿಕ್ಕಿದ್ದು ಕೆಲವೇ ಚೂರುಗಳು. ಮೇಷ್ಟ್ರು ಯಾರನ್ನೂ ಬೈಯಲಿಲ್ಲ; 'ಹೇಳಿದವರಲ್ಲಿ ಅರ್ಧ ಜನ ಈಗಿಲ್ಲಪ್ಪ' ಎಂದಷ್ಟೇ ಹೇಳಿದರು. ಆ ಮಾತು ನನ್ನನ್ನು ಈಗಲೂ ಕಾಡುತ್ತದೆ. ಅಂದಿನಿಂದ, ಪ್ರೋಗ್ರಾಂ ತೆರೆಯುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಯಾರ ಸಿಸ್ಟಮನ್ನೂ ಫಾರ್ಮ್ಯಾಟ್ ಮಾಡಿಲ್ಲ.

2. ಮೊದಲು ಕಡತ, ಆಮೇಲೆ ತಂತ್ರಾಂಶ

ತಂತ್ರಾಂಶವನ್ನು ನಾಳೆ ಮತ್ತೆ ಹಾಕಬಹುದು. ಬರೆದದ್ದನ್ನು ಮತ್ತೆ ಬರೆಯಲಾಗದು. ಆದ್ದರಿಂದ ಏನನ್ನೂ ಮುಟ್ಟುವ ಮುಂಚೆ ಕಡತಗಳನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ಕಾಪಿ ಮಾಡಿ. ಹಳೆಯ ತಂತ್ರಾಂಶಗಳು ಕಡತವನ್ನು ತಮ್ಮದೇ ಫೋಲ್ಡರಿನಲ್ಲಿ, ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗೆ, ಉಳಿಸಲು ನೋಡುತ್ತವೆ. ವಿಸ್ಟಾ ಕಾಲದಿಂದ ವಿಂಡೋಸ್ ಅದಕ್ಕೆ ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಸದ್ದಿಲ್ಲದೆ ಬೇರೆ ಕಡೆಗೆ ತಿರುಗಿಸುತ್ತದೆ. ಆ ಜಾಗ ಇರುವುದು ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ, ಆಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಆಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್; ಹಿಡನ್ ಐಟಮ್ಸ್ ಆನ್ ಮಾಡಿದರೆ ಮಾತ್ರ ಕಾಣುತ್ತದೆ. ಯಡಿಯೂರಿನ ಜ್ಯೋತಿಷಿಯೊಬ್ಬರು ಕಳೆದೇಹೋಯಿತು ಎಂದುಕೊಂಡಿದ್ದ ಆರು ವರ್ಷಗಳ ಜಾತಕಗಳು ನನಗೆ ಸಿಕ್ಕಿದ್ದು ಅಲ್ಲಿಯೇ.

3. ಕೊನೆಯ ಸಲ ತೆರೆದದ್ದು ಯಾವಾಗ ಎಂದು ಕೇಳಿ

ಈ ಪ್ರಶ್ನೆಗೆ ಜನರ ನೆನಪಿಗಿಂತ ಕಂಪ್ಯೂಟರಿನ ನೆನಪು ಚೆನ್ನಾಗಿರುತ್ತದೆ. ಸ್ಟಾರ್ಟ್ ಒತ್ತಿ 'ರಿಲಯಬಿಲಿಟಿ' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ರಿಲಯಬಿಲಿಟಿ ಹಿಸ್ಟರಿ ತೆರೆಯುತ್ತದೆ. ಒಂದೊಂದು ದಿನಕ್ಕೂ ಒಂದೊಂದು ಕಂಬ. ಯಾವ ದಿನ ಯಾವ ಅಪ್‌ಡೇಟ್ ಕೂತಿತು, ಯಾವ ದಿನದಿಂದ ಪ್ರೋಗ್ರಾಂ ಬೀಳತೊಡಗಿತು ಎಂಬುದು ಕೆಂಪು ಗುರುತಿನ ಸಮೇತ ಕಾಣುತ್ತದೆ. ಎಷ್ಟೋ ಸಲ ಬೀಳಲು ಶುರುವಾದದ್ದು ಅಪ್‌ಡೇಟಿಗೂ ಎರಡು ದಿನ ಮೊದಲೇ ಎಂದು ಗೊತ್ತಾಗುತ್ತದೆ. ಆಗ ಹುಡುಕುವ ದಿಕ್ಕೇ ಬದಲಾಗುತ್ತದೆ.

4. ಬಂದ ಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ

'ಏನೋ ಎರರ್ ಬಂತು, ಓಕೆ ಒತ್ತಿಬಿಟ್ಟೆ' ಎನ್ನುವವರೇ ಹೆಚ್ಚು. ಆ ಸಂದೇಶವೇ ಅರ್ಧ ಉತ್ತರ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ವಿಸಿರನ್‌ಟೈಮ್140 ಇಲ್ಲ ಎಂದರೆ ವಿಷುವಲ್ ಸಿ++ನ ಪೂರಕ ಭಾಗ ಕೆಟ್ಟಿದೆ ಎಂದರ್ಥ. ಕೊನೆಯಲ್ಲಿ '7ಬಿ' ಇರುವ ಸಂಖ್ಯೆ ಬಂದರೆ 32 ಬಿಟ್ ಮತ್ತು 64 ಬಿಟ್ ಭಾಗಗಳು ಕಲಸಿಹೋಗಿರುವ ಸಾಧ್ಯತೆ ಹೆಚ್ಚು. ಡಾಟ್ ನೆಟ್ 3.5 ಬೇಕು ಎಂದರೆ, ದೊಡ್ಡ ಅಪ್‌ಗ್ರೇಡ್ ಆದಮೇಲೆ ಅದು ಆಫ್ ಆಗಿರಬಹುದು. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ನೋಡಿ ಆನ್ ಮಾಡಿ. ಇಲ್ಲದ ಡಿಎಲ್‌ಎಲ್ ಕಡತವನ್ನು ಸಿಕ್ಕಸಿಕ್ಕ ಜಾಲತಾಣದಿಂದ ಇಳಿಸಿಕೊಳ್ಳಬೇಡಿ. ವೈರಸ್ ಮನೆಯೊಳಗೆ ಬರುವ ದಾರಿ ಅದು.

ಒಂದು ಕಡತ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ 2024ರ ಜುಲೈ 19 ನೆನಪಿಸಿಕೊಳ್ಳಿ. ಭದ್ರತಾ ತಂತ್ರಾಂಶದ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನಿಂತುಹೋದವು. ವಿಮಾನ ಪ್ರಯಾಣಿಕರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಅದಕ್ಕೆ ತಜ್ಞರು ಹೇಳಿದ ಪರಿಹಾರ, ಸೇಫ್ ಮೋಡಿಗೆ ಹೋಗಿ ಆ ದೋಷದ ಕಡತವನ್ನು ಅಳಿಸುವುದು. ಅಷ್ಟು ದೊಡ್ಡ ಕೇಡಿನ ಮೂಲವೂ ಒಂದು ಪುಟ್ಟ ಕಡತದಲ್ಲಿತ್ತು.

5. ಪ್ರೋಗ್ರಾಂ ಯಾವುದನ್ನು ನೆಚ್ಚಿಕೊಂಡಿದೆ ನೋಡಿ

ಬನಶಂಕರಿ ಎರಡನೇ ಹಂತದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಒಂದು ಡಿಟಿಪಿ ಅಂಗಡಿ. ಮದುವೆ ಕಾಲ. ಪುಟವಿನ್ಯಾಸದ ಹಳೆಯ ತಂತ್ರಾಂಶ ತೆರೆಯುತ್ತಿರಲಿಲ್ಲ. ಅಂಗಡಿ ನಡೆಸುವ ಅಕ್ಕ ಎರಡು ಸಲ ತೆಗೆದು ಎರಡು ಸಲ ಹಾಕಿದ್ದರು. ಮಧ್ಯಾಹ್ನದೊಳಗೆ ಮುನ್ನೂರು ಪತ್ರಿಕೆ ಕೊಡಬೇಕು. ಹುಡುಗಿಯ ತಂದೆ ಬಾಗಿಲಲ್ಲೇ ನಿಂತಿದ್ದರು.

ನಾನು ಕೂತು ನೋಡಿದೆ. ಡಬಲ್ ಕ್ಲಿಕ್ ಮಾಡಿದರೆ ಎರಡು ಸೆಕೆಂಡು ಚಕ್ರ ಸುತ್ತುತ್ತದೆ, ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರು ಮೂಡುತ್ತದೆ, ಮಾಯವಾಗುತ್ತದೆ. ಅಂದರೆ ಪ್ರೋಗ್ರಾಂ ಏಳುತ್ತಿದೆ, ಏನನ್ನೋ ಹುಡುಕಿ ಸಿಗದೆ ಬೀಳುತ್ತಿದೆ. ಹಳೆಯ ಪುಟವಿನ್ಯಾಸದ ತಂತ್ರಾಂಶಗಳು ಪುಟದ ಅಳತೆಗಾಗಿ ತೆರೆಯುವಾಗಲೇ ಡೀಫಾಲ್ಟ್ ಪ್ರಿಂಟರನ್ನು ಕೇಳುವುದುಂಟು. ಸೆಟ್ಟಿಂಗ್ಸ್ ನೋಡಿದರೆ, ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ಆರಿಸಲಿ ಎಂಬ ಆಯ್ಕೆ ಆನ್ ಆಗಿತ್ತು; ಡೀಫಾಲ್ಟ್ ಜಾಗದಲ್ಲಿ ಎಂದೋ ಮಾರಿಹೋಗಿದ್ದ ಪ್ರಿಂಟರಿನ ಹೆಸರಿತ್ತು. ಆಯ್ಕೆ ಆಫ್ ಮಾಡಿ, ಎದುರಿಗಿದ್ದ ಪ್ರಿಂಟರನ್ನೇ ಡೀಫಾಲ್ಟ್ ಮಾಡಿದೆ. ಮುಂದಿನ ಕ್ಲಿಕ್ಕಿಗೆ ಗಣಪತಿಯ ಚಿತ್ರವಿದ್ದ ಪತ್ರಿಕೆ ಪರದೆ ಮೇಲೆ ಬಂತು. ತಂತ್ರಾಂಶದಲ್ಲಿ ಹುಡುಕುತ್ತಿದ್ದ ರೋಗ ಅದರ ಹೊರಗಿತ್ತು.

6. ಹೊಸ ಯೂಸರ್ ಮಾಡಿ ಪರೀಕ್ಷಿಸಿ

ಐದು ನಿಮಿಷದ ಕೆಲಸ, ಆದರೆ ಬಹಳ ಹೇಳುತ್ತದೆ. ಹೊಸ ಯೂಸರ್ ಅಕೌಂಟ್ ತೆರೆದು ಅದರಲ್ಲಿ ಪ್ರೋಗ್ರಾಂ ಓಡಿಸಿ. ಅಲ್ಲಿ ತೆರೆದರೆ ಪ್ರೋಗ್ರಾಂ ಸರಿಯಿದೆ, ನಿಮ್ಮ ಅಕೌಂಟಿನಲ್ಲಿರುವ ಅದರ ಸೆಟ್ಟಿಂಗ್ಸ್ ಕೆಟ್ಟಿದೆ. ಆ ಸೆಟ್ಟಿಂಗ್ಸ್ ಫೋಲ್ಡರನ್ನು ಅಳಿಸಬೇಡಿ. ಹೆಸರಿನ ಕೊನೆಗೆ 'ಓಲ್ಡ್' ಎಂದು ಸೇರಿಸಿ. ಬೇಕೆಂದಾಗ ಹಿಂದಿನಂತೆ ಮಾಡಬಹುದು.

7. ಡಾಂಗಲ್, ಟೋಕನ್, ಆಂಟಿವೈರಸ್

ಡಾಂಗಲ್ ಬೀಗ ಇರುವ ಹಳೆಯ ಫಾಂಟ್ ತಂತ್ರಾಂಶವಿರಲಿ, ಆಡಿಟರುಗಳ ಡಿಜಿಟಲ್ ಸಹಿಯ ಟೋಕನ್ ಇರಲಿ, ಎರಡಕ್ಕೂ ಡ್ರೈವರ್ ಬೇಕು. ವಿಂಡೋಸ್ ಸೆಕ್ಯುರಿಟಿಯ ಮೆಮೊರಿ ಇಂಟೆಗ್ರಿಟಿ ಆನ್ ಇದ್ದರೆ ಹೊಂದದ ಹಳೆಯ ಡ್ರೈವರುಗಳನ್ನು ಅದು ಒಳಗೆ ಬಿಡುವುದಿಲ್ಲ. ಆ ಕಾವಲನ್ನು ಆಫ್ ಮಾಡಿ ಮರೆಯುವುದು ತಪ್ಪು. ತಯಾರಕರಿಂದ ಹೊಸ ಡ್ರೈವರ್ ತರಿಸಿ ಹಾಕಿ. ಹಾಗೆಯೇ ಪ್ರೊಟೆಕ್ಷನ್ ಹಿಸ್ಟರಿ ನೋಡಿ. ಪ್ರೋಗ್ರಾಮಿನ ಮುಖ್ಯ ಕಡತವನ್ನೇ ಆಂಟಿವೈರಸ್ ಹಿಡಿದಿಟ್ಟಿರಬಹುದು. ಮೂಲ ಸಿಡಿಯಿಂದಲೋ ತಯಾರಕರಿಂದಲೋ ಬಂದ ಕಡತವೆಂದು ಖಾತ್ರಿಯಿದ್ದರೆ ಮಾತ್ರ ಬಿಡಿಸಿ.

8. ಲಿನಕ್ಸ್ ಆದರೆ ಟರ್ಮಿನಲ್‌ನಿಂದ ಓಡಿಸಿ

ಬಿಟಿಎಂ ಲೇಔಟಿನ ಪಿಜಿಗಳಲ್ಲಿರುವ ಹುಡುಗರು ಉಬುಂಟು ತರುತ್ತಾರೆ. ಐಕಾನ್ ಒತ್ತಿದರೆ ಸದ್ದಿಲ್ಲ; ಅದೇ ಪ್ರೋಗ್ರಾಮನ್ನು ಟರ್ಮಿನಲ್‌ನಿಂದ ಓಡಿಸಿದರೆ ಏನು ಕೊರತೆ ಎಂದು ಅದೇ ಹೇಳುತ್ತದೆ. ಉಬುಂಟು 22.04ಕ್ಕೆ ಬದಲಾದ ಮೇಲೆ ಆಪ್‌ಇಮೇಜ್ ಪ್ರೋಗ್ರಾಮುಗಳು ತೆರೆಯದಿದ್ದರೆ ಲಿಬ್‌ಫ್ಯೂಸ್2 ಹಾಕಿ. ಬಹುಪಾಲು ಅಷ್ಟಕ್ಕೇ ಸರಿಹೋಗುತ್ತದೆ.

9. ಅಪ್‌ಡೇಟನ್ನು ಮುಂದೂಡಿ, ನಿಲ್ಲಿಸಬೇಡಿ

ದೊಡ್ಡ ಅಪ್‌ಗ್ರೇಡ್ ಆದಮೇಲೆ ಹಿಂದಿನ ಆವೃತ್ತಿಗೆ ಮರಳಲು ವಿಂಡೋಸ್ ಸಾಮಾನ್ಯವಾಗಿ 10 ದಿನ ಅವಕಾಶ ಕೊಡುತ್ತದೆ. ಆಮೇಲೆ ಹಳೆಯ ಕಡತಗಳನ್ನು ತಾನೇ ಅಳಿಸುತ್ತದೆ. ಹನ್ನೊಂದನೇ ದಿನ ಕರೆ ಮಾಡಿದವರಿಗೆ ನಾನು ಈ ದಾರಿ ತೋರಿಸಲಾರೆ. ಮಾಸಿಕ ಅಪ್‌ಡೇಟ್ ಆದರೆ ಅಪ್‌ಡೇಟ್ ಹಿಸ್ಟರಿಗೆ ಹೋಗಿ ಅದೊಂದನ್ನೇ ತೆಗೆದು ನೋಡಬಹುದು.

ರಿಟರ್ನ್ಸ್ ಸಲ್ಲಿಸುವವರು, ಮದುವೆ ಕಾಲದ ಡಿಟಿಪಿಯವರು ಅಪ್‌ಡೇಟನ್ನು ಒಂದೆರಡು ವಾರ ಪಾಜ್ ಮಾಡಿಟ್ಟುಕೊಳ್ಳಲಿ, ತಪ್ಪಿಲ್ಲ. ಶಾಶ್ವತವಾಗಿ ನಿಲ್ಲಿಸಿ ಎಂದು ಕೇಳುವವರ ಮಾತಿಗೆ ನಾನು ಒಪ್ಪುವುದಿಲ್ಲ. 2017ರ ಮೇ 12ರಂದು ವನ್ನಾಕ್ರೈ ದಾಳಿಯಾದಾಗ ಅದು ನುಗ್ಗಿದ ಬಿರುಕಿಗೆ ಮಾರ್ಚ್ 14ರಂದೇ ಅಪ್‌ಡೇಟ್ ಬಂದಿತ್ತು. ಹಾಕಿಕೊಳ್ಳದೆ ಎರಡು ತಿಂಗಳು ಕಳೆದವರ ಯಂತ್ರಗಳಲ್ಲಿ ಕಡತಗಳಿಗೆ ಬೀಗ ಬಿತ್ತು.

10. ಒಂದು ದಿನ ಅದು ತೆರೆಯುವುದೇ ಇಲ್ಲ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ಅದರಲ್ಲಿ 16 ಬಿಟ್ ಕಾಲದ ಪ್ರೋಗ್ರಾಮುಗಳು ಓಡುವುದಿಲ್ಲ. ಅದಕ್ಕೆ ನನ್ನಲ್ಲೂ ಮದ್ದಿಲ್ಲ. ಆದರೆ ಬರೆದದ್ದನ್ನು ಯೂನಿಕೋಡ್‌ಗೆ ಬದಲಾಯಿಸಿ ಉಳಿಸಬಹುದು. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲೂ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶದಲ್ಲೂ ಹಳೆಯ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಾಯಿಸುವ ಸೌಲಭ್ಯವಿದೆ. ಬದಲಾಯಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಕಣ್ಣಿಟ್ಟು ತಿದ್ದಿ. ಯೂನಿಕೋಡ್‌ಗೆ ಬಂದ ಪಠ್ಯ ಮೊಬೈಲಿನಲ್ಲೂ ತೆರೆಯುತ್ತದೆ.

ನಿಮ್ಮ ಮನೆಯಲ್ಲಿ ತಂದೆಯೋ ತಾಯಿಯೋ ಮೇಷ್ಟ್ರೋ ಹಳೆಯ ತಂತ್ರಾಂಶದಲ್ಲಿ ಬರೆದಿಟ್ಟದ್ದು ಇದ್ದೇ ಇರುತ್ತದೆ. ಈ ಭಾನುವಾರ ಒಂದು ಗಂಟೆ ಅವರ ಪಕ್ಕದಲ್ಲಿ ಕೂತುಕೊಳ್ಳಿ. ಕಡತ ಎಲ್ಲಿದೆ ನೋಡಿ, ಎರಡು ಕಡೆ ಕಾಪಿ ಮಾಡಿ, ತಂತ್ರಾಂಶದ ಹೆಸರು, ಆವೃತ್ತಿ, ಲೈಸೆನ್ಸ್ ಸಂಖ್ಯೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರೋಗ್ರಾಂ ಇನ್ನೂ ತೆರೆಯುತ್ತಿರುವಾಗಲೇ ಈ ಕೆಲಸ ಆಗಬೇಕು.