ಕರಾಟೆ ಕಲಿಯುವ ಮಗುವಿನ ದೇಹಬಲವನ್ನು ಅಳೆಯುವುದು ಹೇಗೆ?

ಟೇಕ್ವಾಂಡೊ ಪಂದ್ಯಕ್ಕೆ ಎರಡು ದಿನ ಇರುವಾಗ ಪೊಳಲಿ ಕಡೆಯ ತಾಯಿಯೊಬ್ಬರು ಹದಿಮೂರರ ಮಗನನ್ನು ನನ್ನಲ್ಲಿಗೆ ಕರೆತಂದರು. ತುಟಿ ಒಣಗಿತ್ತು, ಮೂತ್ರ ಕಡು ಹಳದಿ, ಎದ್ದು ನಿಂತರೆ ತಲೆಸುತ್ತು. “ಒಂದು ಕಿಲೋ ಇಳಿದರೆ ಕೆಳಗಿನ ತೂಕ ವಿಭಾಗದಲ್ಲಿ ಆಡಬಹುದು ಡಾಕ್ಟ್ರೇ, ಅದಕ್ಕೆ ನೀರು ಕುಡಿಯಲಿಲ್ಲ” ಎಂದ ಹುಡುಗ. “ದಿನಾ ಐವತ್ತು ದಂಡ ಹೊಡೆಯುತ್ತಾನೆ, ಇವನಿಗೇನಾಯಿತು?” ಎಂದು ತಾಯಿಗೆ ಆಶ್ಚರ್ಯ.

ದಂಡದ ಲೆಕ್ಕವೊಂದೇ ದೇಹಬಲವಲ್ಲ. ಮಗುವನ್ನು ಓಡಿಸಿ ಅಳೆಯುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ಓಡುವಾಗ ಎಂದಾದರೂ ಎಚ್ಚರ ತಪ್ಪಿದೆಯೇ? ಎದೆ ನೋವು ಬಂದಿದೆಯೇ? ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಹೃದಯ ತಜ್ಞರಿಗೆ ತೋರಿಸಿ, ಇಸಿಜಿ ಮಾಡಿಸಿದ ಮೇಲೆಯೇ ಮುಂದಿನ ಮಾತು. ಇದರಲ್ಲಿ ದಾಕ್ಷಿಣ್ಯ ಬೇಡ.

ಆಮೇಲೆ ನಾಡಿ. ಯುನಾನಿ ವೈದ್ಯರಾದ ನಮಗೆ ‘ನಬ್ಜ್’ ಮೊದಲ ಪಾಠ. ಬೆಳಿಗ್ಗೆ ಮಗು ಹಾಸಿಗೆಯಿಂದ ಏಳುವ ಮೊದಲೇ ಮಣಿಕಟ್ಟಿನಲ್ಲಿ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ, ಒಂದು ವಾರ ಬರೆದಿಡಿ. ಮಾಮೂಲಿಗಿಂತ ಎಂಟು ಹತ್ತು ಬಡಿತ ಹೆಚ್ಚಿದ್ದ ದಿನ ಜ್ವರ, ದಣಿವು, ನಿದ್ದೆಗೇಡು ಏನೋ ಇರಬಹುದು. ಅಂದು ಅಭ್ಯಾಸ ಕಡಿಮೆ ಮಾಡಿಸಿ.

ಅಳತೆಗೆ ದೊಡ್ಡ ಯಂತ್ರ ಬೇಕಿಲ್ಲ. ಖೇಲೋ ಇಂಡಿಯಾ ಶಾಲಾ ಮಕ್ಕಳಿಗೆಂದು ರೂಪಿಸಿದ ಪರೀಕ್ಷೆಗಳು ಸಾಕು: ಎತ್ತರ ಮತ್ತು ತೂಕ, 50 ಮೀಟರ್ ವೇಗದ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವುದು, 30 ಸೆಕೆಂಡಿನಲ್ಲಿ ಹೊಟ್ಟೆಯ ಸ್ನಾಯುಗಳ ಕಸರತ್ತು, ದಂಡ. ಕೊಯ್ಲಾದ ಗದ್ದೆಯೂ ಆದೀತು. ಪೊಳಲಿ ಚೆಂಡು ನೋಡಿದವರಿಗೆ ಗದ್ದೆಯಲ್ಲಿ ಓಡುವ ಉಸಿರಿನ ಬೆಲೆ ಗೊತ್ತು! ಎರಡು ಮೂರು ತಿಂಗಳಿಗೊಮ್ಮೆ, ಅದೇ ಜಾಗ, ಅದೇ ಹೊತ್ತು. ಪಕ್ಕದ ಮನೆಯ ಹುಡುಗನೊಡನೆ ಹೋಲಿಸಬೇಡಿ, ಮಗುವಿನ ಹಿಂದಿನ ಅಳತೆಯೊಡನೆ ಹೋಲಿಸಿ. ಎತ್ತರ ದಿಢೀರನೆ ಏರುವ ವರ್ಷದಲ್ಲಿ ಮೈ ಸ್ವಲ್ಪ ಬಿಗಿಯಾಗಬಹುದು. ಅದು ಸೋಮಾರಿತನವಲ್ಲ, ಬೈಯಬೇಡಿ. ಹೆಣ್ಣುಮಕ್ಕಳು ಬೇಗ ಸುಸ್ತಾದರೆ ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ.

ಇನ್ನು ತೂಕ. 40 ಕಿಲೋ ತೂಗುವ ಮಗುವಿನ ಮೈಯಿಂದ 800 ಗ್ರಾಂ ನೀರು ಹೋದರೆ ಅದು ಶೇ. 2. ಅಷ್ಟಕ್ಕೇ ಆಟದ ಚುರುಕು ಕುಂದತೊಡಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ಬೆವರಿಳಿಸಿ ತೂಕ ಕಳೆಯಲು ಹೋಗಿ ಸುಮಾರು ಒಂದೇ ತಿಂಗಳೊಳಗೆ ಸತ್ತರು. ಮೂವರೂ ಗಟ್ಟಿಮುಟ್ಟಾದ ಯುವಕರು. ಬೆಳೆಯುವ ಮಗುವಿನ ತೂಕ ಏರಲೇಬೇಕು. ಅದು ಮೇಲಿನ ವಿಭಾಗಕ್ಕೆ ಹೋದರೆ ಹೋಗಲಿ. ಅಭ್ಯಾಸದ ಮೊದಲು ಮತ್ತು ನಂತರ ತೂಗಿ ನೋಡಿ. ಇಳಿದಿರುವುದು ಹೆಚ್ಚಾಗಿ ನೀರೇ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ತಿಳಿ, ಎಳನೀರು ಕೊಟ್ಟು ಅದನ್ನು ತುಂಬಿಸಿ.

ಆ ಹುಡುಗನಿಗೆ ಓಆರ್‌ಎಸ್ ಕುಡಿಸಿ ಸಂಜೆಯವರೆಗೆ ಮಲಗಿಸಿದೆ. ತನ್ನ ತೂಕದಲ್ಲೇ ಆಡಿ ಮೊದಲ ಸುತ್ತಿನಲ್ಲೇ ಸೋತ. ಈಗ ಒಂದು ನೋಟ್‌ಬುಕ್ ಇಟ್ಟಿದ್ದಾನೆ, ನಾಡಿ ಎಣಿಸಿ ಬರೆಯುವುದು ಉಮ್ಮನ ಕೆಲಸ.